ಹಿಂದಿನ ಪೈಪಿನ ಹಳದಿ ಚುಕ್ಕೆ

ಮನೆ, ಶೆಡ್ಡಿನ ಕಿಟಕಿ ಬದಿಯ ಮೇಜು
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಕುತ್ತಿಗೆ ನೋವು ಹೇಗಿದೆ? ಡಾಕ್ಟರ ಹತ್ತಿರ ಹೋಗದೆ ಯಾವುದೋ ಮುಲಾಮು ತಿಕ್ಕಿಕೊಂಡು ದಿನ ತಳ್ಳುತ್ತಿದ್ದೀಯ ಅಂತ ಅತ್ತಿಗೆ ಫೋನಿನಲ್ಲಿ ಹೇಳಿದರು. ಊರವರ ಗಾಡಿ ಸ್ವಲ್ಪ ಕಿರುಗುಟ್ಟಿದರೂ ಬಿಚ್ಚಿ ನೋಡುವವನು ನೀನು, ನಿನ್ನ ಕುತ್ತಿಗೆಯ ಮೇಲೆ ಮಾತ್ರ ಯಾಕಪ್ಪಾ ಇಷ್ಟು ಉದಾಸೀನ? ಪುಟ್ಟಿ ಈಗ ಗೋಡೆ ಹಿಡಿದು ನಡೆಯುತ್ತಾಳಂತೆ. ಅವಳ ಫೋಟೋ ಅಮ್ಮನ ದಿಂಬಿನ ಕೆಳಗಿದೆ, ಯಾರಿಗೂ ಗೊತ್ತಿಲ್ಲ ಅಂತ ಅಮ್ಮ ಅಂದುಕೊಂಡಿದ್ದಾರೆ. ಅಪ್ಪ ಅದನ್ನು ದಿನಾ ತೆಗೆದು ನೋಡಿ ಮತ್ತೆ ಅಲ್ಲೇ ಇಡುತ್ತಾರೆ. ಅವರ ಬಲಗೈ ಹಾಗೇ ಇದೆ. ಬೆರಳು ಪೂರ್ತಿ ಮಡಚುವುದಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಬಾಯಿಗೆ ಮಾತ್ರ ಏನೂ ಆಗಿಲ್ಲ, ಬೆಳಗಾದರೆ ಸಾಕು, ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ.

ನಿನ್ನ ಜೊತೆ ಈ ಮನೆಯವರು ಯಾರೂ ಎತ್ತದ ವಿಷಯ ಒಂದಿದೆಯಲ್ಲ, ಅದನ್ನೇ ಬರೆಯುತ್ತಿದ್ದೇನೆ. ಅರ್ಧಕ್ಕೆ ಹರಿದು ಹಾಕಬೇಡ. ನಮ್ಮ ಮುದುಕಿ ಕಾರಿನ ಮೇಲಿನ ಹೊದಿಕೆ ತೆಗೆದೆ. ಆರು ವರ್ಷ ಮುಸುಕು ಹಾಕಿಕೊಂಡು ಶೆಡ್ಡಿನ ಮೂಲೆಯಲ್ಲಿ ಕೂತಿದ್ದಳು, ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಗುಜರಿಗೆ ಹಾಕಿಬಿಡು ಅಂತ ಅಪ್ಪ ಎರಡು ಸಲ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಜ್ಜುಗುಜ್ಜಾಗಿದ್ದ ಮೂತಿ ಸರಿ ಮಾಡಿದೆ, ಎಂಜಿನ್ ಬಿಚ್ಚಿ ಜೋಡಿಸಿದೆ. ಮೊದಲ ಸಲ ಅದು ಗುಡುಗಿದಾಗ ಅಪ್ಪ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು, ಹೊಗೆ ಜಾಸ್ತಿ ಅಂತ ಮೂಗು ಮುರಿದು ವಾಪಸ್ ಹೋದರು. ಉಳಿದದ್ದು ಬ್ರೇಕ್ ಪೈಪುಗಳು. ಮುಂದಿನವು ಎರಡು ದಿನದ ಕೆಲಸ. ಹಿಂದಿನದು ಮಾತ್ರ ಜೀವ ತಿಂದಿತು.

ಆ ಪೈಪು ಎಲ್ಲಿ ಹೋಗುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ. ನೆಲದಡಿಯಲ್ಲಿ ಹಿಂದಕ್ಕೆ ಹೋಗಿ, ಆಕ್ಸಲ್ ಮೇಲೆ ಹತ್ತಿ, ಪೆಟ್ರೋಲ್ ಟ್ಯಾಂಕಿಗೂ ಬಾಡಿಗೂ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ಹಾಯುತ್ತದೆ. ಅಪ್ಪನ ಒನಕೆಯಂಥ ತೋಳು ಅಲ್ಲಿಗೆ ಯಾವತ್ತೂ ಹೋಗಲಿಲ್ಲ. ಹೋಗುತ್ತಿದ್ದದ್ದು ನಿನ್ನದು, ನನ್ನದು, ಎರಡೇ ಕಡ್ಡಿ ಕೈ. ಈ ಸಲ ನಾನು ಅಡ್ಡದಾರಿ ಹಿಡಿಯಲಿಲ್ಲ. ಗಾಡಿಯನ್ನು ಎತ್ತರಕ್ಕೆ ನಿಲ್ಲಿಸಿ, ಸೈಲೆನ್ಸರ್ ಬಿಚ್ಚಿ, ಟ್ಯಾಂಕ್ ಖಾಲಿ ಮಾಡಿ ಕೆಳಗಿಳಿಸಿದೆ. ಮೂರು ಭಾನುವಾರ ಬೆನ್ನ ಮೇಲೆ ಮಲಗಿದ್ದೆ. ತುಕ್ಕೆಲ್ಲ ಕಣ್ಣಿಗೆ, ಮೊಣಕೈಯೆಲ್ಲ ಪರಚು. ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಅವಸರ ಮಾಡಬೇಡ, ಹಳೇ ಪೈಪನ್ನು ಮುರಿಯದೆ ಇಡಿಯಾಗಿ ತೆಗಿ, ಅದನ್ನು ನೋಡಿಕೊಂಡೇ ಹೊಸದನ್ನು ಬಗ್ಗಿಸಬೇಕು ಅಂತ ಒಂದೇ ಸಮ ಹೇಳುತ್ತಿದ್ದರು. ಅವರ ಮಾತು ಕೇಳಿ ಇಡಿಯಾಗಿ ತೆಗೆದೆ. ಕತ್ತರಿಸಿ ಎಳೆದಿದ್ದರೆ ಈ ಪತ್ರ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಟ್ಯಾಂಕ್ ಇಳಿಸಿದಾಗ ಅದರ ಪಟ್ಟಿಯ ಸಂದಿಯಲ್ಲಿ, ಧೂಳಿನೊಳಗೆ, ಒಂದು ಕ್ಲಿಪ್ಪು ಸಿಕ್ಕಿತು. ಪೈಪನ್ನು ಬಾಡಿಗೆ ಬಿಗಿದು ಹಿಡಿಯುವ ಪುಟ್ಟ ತಗಡು. ಪೈಪನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಹಳದಿ ಚುಕ್ಕೆ ಇಟ್ಟ ನಟ್ಟಿನಿಂದ ಒಂದು ಗೇಣು ಆಚೆ, ಬಾಡಿ ಕಡೆಗಿದ್ದ ಮೈಯಲ್ಲಿ, ಉಜ್ಜಿ ಉಜ್ಜಿ ಕಾಗದದಷ್ಟು ತೆಳ್ಳಗಾಗಿ ಉಗುರಿನಷ್ಟು ಸೀಳು ಬಿಟ್ಟಿದೆ. ನಮ್ಮ ಮುದುಕಿಗೆ ನಾಲ್ಕು ಚಕ್ರಕ್ಕೂ ಒಂದೇ ಲೈನು. ಎಲ್ಲಿ ಒಡೆದರೂ ಬ್ರೇಕ್ ಪೂರ್ತಿ ಹೋಯಿತು. ಪೆಡಲ್ ನೆಲಕ್ಕೆ ಹೋಯ್ತು ಅಂತ ನೀನು ಅವತ್ತು ಗಾಡಿ ಗುದ್ದಿದ ಆ ಇಳಿಜಾರಿನ ಗೋಡೆಯ ಹತ್ತಿರ ನಿಂತು ಎಲ್ಲರ ಮುಂದೆ ಹೇಳಿದೆಯಲ್ಲ, ಅದು ಅಕ್ಷರಶಃ ನಿಜ.

ಅಣ್ಣಾ, ಆ ಪೈಪು ಹಾಕಿದ್ದು ನಾನು. ಅಪಘಾತಕ್ಕೆ ಎಂಟು ತಿಂಗಳ ಮೊದಲು. ಕ್ಲಿಪ್ಪು ಬೆರಳಿನಿಂದ ಜಾರಿ ಒಳಗೆಲ್ಲೋ ಟಿಣ್ ಅಂತ ಬಿತ್ತು. ಆಮೇಲೆ ಹಾಕಿದರಾಯಿತು ಅಂದುಕೊಂಡೆ. ನಮ್ಮ ಶೆಡ್ಡಿನ ನಿಯಮ ನಿನಗೆ ಗೊತ್ತು. ಬಿಗಿದವರು ಚುಕ್ಕೆ ಇಡುವಂತಿಲ್ಲ, ಇನ್ನೊಬ್ಬರು ಕೈಯಾಡಿಸಿ ನೋಡಿದ ಮೇಲೆ ಅವರು ಇಡಬೇಕು. ಅವತ್ತು ನೀನು ಊರಲ್ಲಿರಲಿಲ್ಲ. ನೀನು ಬರುವಷ್ಟರಲ್ಲಿ ಕೆಲಸ ಮುಗಿಸಿ ಬೀಗಬೇಕು ಅಂತ ನನಗೆ ಹುಚ್ಚು. ನಾನೇ ಚುಕ್ಕೆ ಇಟ್ಟೆ. ಮಾರನೆಯ ದಿನ, ಅಣ್ಣ ನೋಡಿದನಾ ಅಂತ ಅಪ್ಪ ಕೇಳಿದಾಗ ಹೂಂ ಅಂದುಬಿಟ್ಟೆ. ನೀನು ಬಂದವನು ಚುಕ್ಕೆ ಕಂಡು ಅಪ್ಪ ಹೇಗೋ ನೋಡಿದ್ದಾರೆ ಅಂದುಕೊಂಡಿರಬೇಕು. ಒಟ್ಟಿನಲ್ಲಿ ಯಾರೂ ನೋಡಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಪಘಾತವಾದ ಮೇಲೆ ಗಾಡಿ ಪರೀಕ್ಷೆ ಮಾಡಿದವಳೂ ನಾನೇ. ಮೂತಿ ಜಜ್ಜಿ ಬ್ರೇಕ್ ಆಯಿಲ್ ಎಲ್ಲ ಅಲ್ಲೇ ಸೋರಿತ್ತು, ಹಾಗಾಗಿ ಅದರಿಂದ ಏನೂ ಗೊತ್ತಾಗುವಂತಿರಲಿಲ್ಲ. ಹಿಂದೆ ಕನ್ನಡಿ ಹಿಡಿದು ನೋಡಿದೆ, ಚುಕ್ಕೆ ಕಂಡಿತು, ಎಲ್ಲ ಸರಿಯಿದೆ ಅಂತ ಅಪ್ಪನಿಗೆ ಹೇಳಿದೆ. ಕೈ ಹಾಕಿ ಸವರಲಿಲ್ಲ. ಮರೆತೆನೋ, ಹೆದರಿದೆನೋ, ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ. ಹೆದರಿದೆ ಅಂತಲೇ ಇಟ್ಟುಕೋ. ನನ್ನ ಮಾತು ನಂಬಿಕೊಂಡು, ಆ ಗುದ್ದಿಗೆ ಬಲಗೈ ಮುರಿದುಕೊಂಡಿದ್ದ ಅಪ್ಪ ಆಸ್ಪತ್ರೆಯ ಮಂಚದಿಂದ ನಿನಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: “ಬ್ರೇಕ್ ಹಿಡೀಲಿಲ್ಲ ಅನ್ನೋಕೆ ಮೊದಲು ಒತ್ತಿರಬೇಕು ಕಣೋ.” ನೀನು ಚೀಲ ತೆಗೆದುಕೊಂಡು ಮನೆ ಬಿಟ್ಟು ಹೋದೆ. ಆಮೇಲೆ ಸ್ಟಿಯರಿಂಗ್ ಮುಟ್ಟಿಲ್ಲವಂತೆ, ಬಸ್ಸಿನಲ್ಲೂ ಹಿಂದಿನ ಸೀಟಿನಲ್ಲೇ ಕೂರುತ್ತೀಯಂತೆ. ಅತ್ತಿಗೆ ಇದನ್ನು ನಗುತ್ತಾ ಹೇಳಿದರು.

ಕ್ಷಮಿಸು ಅಂತ ಬರೆಯಲು ನಾಚಿಕೆಯಾಗುತ್ತದೆ. ಆರು ವರ್ಷವನ್ನು ಹೊಟ್ಟೆಗೆ ಹಾಕಿಕೋ ಅಂತ ಯಾವ ಬಾಯಲ್ಲಿ ಕೇಳಲಿ? ಬೈಯಬೇಕಿದ್ದರೆ ಫೋನ್ ಮಾಡಿ ಬೈ, ಎದುರು ಮಾತಾಡುವುದಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಗೊತ್ತಾಗಲಿ ಅಂತ ಬರೆದೆ. ಈ ಪುಟ ಮುಗಿದ ಕೂಡಲೇ ಎದ್ದು ಹೋಗಿ ಹೇಳುತ್ತೇನೆ. ಪೈಪು, ಕ್ಲಿಪ್ಪು ಎರಡೂ ಮೇಜಿನ ಮೇಲಿವೆ.

ಅತ್ತಿಗೆಗೆ ನಮಸ್ಕಾರ ಹೇಳು, ಪುಟ್ಟಿಯ ಕೆನ್ನೆಗೆ ಒಂದು ಮುತ್ತು. ಡಾಕ್ಟರಿಗೆ ಕುತ್ತಿಗೆ ತೋರಿಸು, ಸೋಮಾರಿ.

ನಿನ್ನ ತಂಗಿ,
ಸೊಳ್ಳೆ (ನೀನು ಇಟ್ಟ ಹೆಸರೇ, ಈಗ ಬೇರೆ ಯಾರೂ ಹಾಗೆ ಕರೆಯುವುದಿಲ್ಲ)

ತಾ.ಕ. (ಇಪ್ಪತ್ತೊಂದನೇ ತಾರೀಕು, ಭಾನುವಾರ): ಅಪ್ಪನಿಗೆ ಅವತ್ತೇ ಹೇಳಿದೆ. ಬೈಯುತ್ತಾರೆ ಅಂತ ಕಾದೆ, ಬೈಯಲಿಲ್ಲ. ಪೈಪನ್ನು ಆ ಮಡಚದ ಬೆರಳುಗಳಲ್ಲೇ ತಿರುಗಿಸಿ ತಿರುಗಿಸಿ ಸೀಳನ್ನು ಸವರಿದರು. “ಅವನು ಅವತ್ತೇ ಹೇಳಿದ್ದ. ಕೇಳದೇ ಇದ್ದೋನು ನಾನು,” ಅಂದರು. ಆಮೇಲೆ, ನಿನ್ನ ಕೈ ಇನ್ನೂ ಮೊದಲಿನಷ್ಟೇ ತೆಳ್ಳಗಿದೆಯಾ ಅಂತ ಕೇಳಿದರು. ಹೊಸ ಪೈಪು ಕೂತಾಯಿತು, ಕ್ಲಿಪ್ಪೂ ಬಿಗಿದಾಯಿತು, ಟ್ಯಾಂಕೂ ಮೇಲೆ ಹೋಯಿತು. ಚುಕ್ಕೆ ಮಾತ್ರ ಇಟ್ಟಿಲ್ಲ. ಒಣಗಿಹೋಗಿದ್ದ ಹಳದಿ ಬಣ್ಣಕ್ಕೆ ಅಪ್ಪ ಈಗಷ್ಟೇ ಥಿನ್ನರ್ ಹಾಕಿ ಕಲಸಿ ಕಿಟಕಿಯಲ್ಲಿಟ್ಟಿದ್ದಾರೆ. ಆ ಸಂದಿಯೊಳಗೆ ಹೋಗುವ ಇನ್ನೊಂದು ಕೈ ಈ ಮನೆಯಲ್ಲಿಲ್ಲ. ಅದು ಬಂದು ನೋಡುವವರೆಗೆ ಗಾಡಿ ಶೆಡ್ಡಿನಿಂದ ಆಚೆ ಹೋಗಬಾರದು ಅಂತ ಬರಿ ಅಂದರು, ಬರೆದಿದ್ದೇನೆ.