ಅಮ್ಮ ತೀರ್ಪು ಕೊಡೋದು ಬಿಟ್ಟ ದಿನ

ಅಂಗಡಿಯಿಂದ,
ಮಂಗಳವಾರ ಮಧ್ಯಾಹ್ನ, ಮಾರ್ಚ್ ಹನ್ನೊಂದು

ನನ್ನ ಪುಟ್ಟೀ,

ಹೇಗಿದ್ದೀಯಮ್ಮ? ಹೊಲಿಗೆ ಹಾಕಿದ ಕಡೆ ನೋವು ಕಮ್ಮಿ ಆಯ್ತಾ? ಮಗು ನಿದ್ದೆ ಮಾಡೋಕೆ ಬಿಡ್ತಾಳಾ, ಇಲ್ಲ ಎಲ್ಲ ನಿನ್ನ ಹಾಗೇನಾ? ನೀನು ಹಗಲೆಲ್ಲ ಸಾಧುವಿನ ಹಾಗೆ ಮಲಗಿದ್ದು, ದೀಪ ಆರಿಸಿದ ತಕ್ಷಣ ಬೀದಿಗೆಲ್ಲ ಕೇಳೋ ಹಾಗೆ ರಾಗ ತೆಗೀತಿದ್ದೆ. ಅಳಿಯಂದಿರು ಕಳಿಸಿದ ಫೋಟೋನ ಅಂಗಡಿಗೆ ಬಂದವರಿಗೆಲ್ಲ ತೋರಿಸ್ತಿದ್ದೀನಿ. ಕಣ್ಣು ಪರೀಕ್ಷೆಗೆ ಬಂದವರು ಅಕ್ಷರದ ಹಲಗೆ ನೋಡೋಕೆ ಮುಂಚೆ ನನ್ನ ಮೊಮ್ಮಗಳನ್ನ ನೋಡಬೇಕು. ನಿನ್ನೆ ಒಬ್ಬ ಮುದುಕರು ಕನ್ನಡಕವನ್ನೂ ಹಾಕ್ಕೊಳ್ಳದೆ "ಥೇಟ್ ನಿಮ್ಮ ಹಾಗೇ ಇದೆ ಕಣ್ರೀ" ಅಂದುಬಿಟ್ಟರು. ಪಾಪ, ಅವರಿಗೆ ಇನ್ನೂ ದಪ್ಪ ಗಾಜು ಬರೆದುಕೊಟ್ಟೆ.

ನಾನು ಚೆನ್ನಾಗಿದ್ದೀನಿ. ಮಂಡಿ ಅದರ ಪಾಡಿಗೆ ನೋಯ್ತದೆ, ನಾನು ನನ್ನ ಪಾಡಿಗೆ ಓಡಾಡ್ತೀನಿ. ಅಮ್ಮ ಹೇಗಿದ್ದಾಳೆ ಅಂತ ನೀನು ಕೇಳಲ್ಲ ಅಂತ ಗೊತ್ತು. ಅದಕ್ಕೇ ಈ ಕಾಗದ. ಮೊನ್ನೆ ಫೋನಿನಲ್ಲಿ ನೀನು ಅಂದೆಯಲ್ಲ, "ಹೆರಿಗೆಗೂ ಬರಲಿಲ್ಲ, ಈಗಲೂ ಬರ್ತಿಲ್ಲ. ಅಮ್ಮನಿಗೆ ಆ ತೀರ್ಪುಗಾರ್ತಿ ಪಟ್ಟವೇ ದೊಡ್ಡದಾಗಿದ್ರೆ ಕೋಟಿನ ಬಿಲ್ಲೇನೇ ತೊಟ್ಟಿಲಲ್ಲಿ ಹಾಕಿ ತೂಗಲಿ" ಅಂತ. ನನ್ನ ಫೋನು ಗೊತ್ತಲ್ಲ, ಕಿವಿಗಿಟ್ಟರೂ ಮನೆಗೆಲ್ಲ ಕೇಳ್ತದೆ. ಅಮ್ಮ ಪಕ್ಕದಲ್ಲೇ ಪಾತ್ರೆ ತೊಳೀತಿದ್ದಳು. "ಅವಳು ಹೇಳಿದ್ದರಲ್ಲಿ ತಪ್ಪೇನಿದೆ" ಅಂದು, ತೊಳೆದಿಟ್ಟಿದ್ದ ಪಾತ್ರೇನೇ ಮತ್ತೆ ಉಜ್ಜೋಕೆ ಶುರು ಮಾಡಿದಳು. ಇದನ್ನೆಲ್ಲ ಫೋನಿನಲ್ಲಿ ಹೇಳೋಣ ಅಂದ್ರೆ ಎರಡು ಕೋಣೆಯ ಮನೆಯಲ್ಲಿ ಅವಳಿಗೆ ಕೇಳಿಸದ ಜಾಗ ಎಲ್ಲಿದೆ? ಅಂಗಡಿಯಲ್ಲಂತೂ ಗಿರಾಕಿಗಳ ಕಿವಿ.

ಊಟ ಮಾಡಿ ಮಾರ್ಕ್ಸ್ ಕೊಡೋದಕ್ಕೂ ಪರೀಕ್ಷೆ ಬೇರೆ ಇದೆಯಾ ಅಂತ ನಿನ್ನ ಸೋದರಮಾವ ಇವತ್ತಿಗೂ ನಗ್ತಾನೆ. ನಿನಗೆ ಹಾಗಲ್ಲ ಅಂತ ಗೊತ್ತು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಈರುಳ್ಳಿ ಹೆಚ್ಚೋ ಕೆಲಸಕ್ಕೆ ಸೇರಿದ ಹುಡುಗಿ ಒಲೆ ಮುಂದಕ್ಕೆ ಬರೋಕೆ ಎಷ್ಟು ವರ್ಷ ಕಾದಳು, ಆಮೇಲೆ ಅಡುಗೆ ಸ್ಪರ್ಧೆಗಳಿಗೆ ಸಹಾಯಕ ತೀರ್ಪುಗಾರ್ತಿ ಆದಳು, ಓದಿ ಬರೆದು ತೀರ್ಪುಗಾರ್ತಿ ಆದಳು. ಉಳಿದಿದ್ದು ಮೇಲಿನ ಒಂದೇ ಮೆಟ್ಟಿಲು, ಪ್ರಧಾನ ತೀರ್ಪುಗಾರ್ತಿ. ಅದಕ್ಕೆ ಬರವಣಿಗೆಯ ಪರೀಕ್ಷೆ ಆದಮೇಲೆ, ದೊಡ್ಡ ಸ್ಪರ್ಧೆಯೊಂದರಲ್ಲಿ ಪರೀಕ್ಷಕರ ಕಣ್ಣೆದುರೇ ತೀರ್ಪು ಕೊಟ್ಟು ತೋರಿಸಬೇಕು. ಆ ಸ್ಪರ್ಧೆ ನಿನ್ನ ಹೆರಿಗೆಯ ವಾರದಲ್ಲೇ ಬಿತ್ತು. ಮುಗಿಸಿ ಮಾರನೇ ದಿನವೇ ಹೊರಡ್ತೀನಿ ಅಂತ ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು ಕಣೇ. ಇಷ್ಟು ನಿನಗೆ ಗೊತ್ತಿರೋದು.

ಗೊತ್ತಿಲ್ಲದ್ದು ಹೇಳ್ತೀನಿ. ಚಳಿ ಮುಗಿಯೋ ಹೊತ್ತಿಗೆ ನಮ್ಮಿಬ್ಬರಿಗೂ ಜ್ವರ ಬಂದಿತ್ತಲ್ಲ, ನನ್ನದು ಬಂದ ಹಾಗೇ ಹೋಯ್ತು. ಅವಳದು ಹೋಗುವಾಗ ಮೂಗಿಗೆ ವಾಸನೆ ತಿಳಿಯೋ ಶಕ್ತಿಯನ್ನೂ ತಗೊಂಡು ಹೋಯ್ತು. ಯಾರಿಗೂ ಹೇಳಲಿಲ್ಲ, ನನಗೂ. "ಈ ಹಾಲು ಕೆಟ್ಟಿದೆಯಾ ನೋಡ್ರಿ", "ಬೆಣ್ಣೆ ಸ್ವಲ್ಪ ಮೂಸಿ ನೋಡ್ರಿ" ಅಂತಿದ್ದಳು. ಇಷ್ಟು ವರ್ಷ ನನ್ನ ನಾಲಿಗೆಯನ್ನ ಮೂರು ಕಾಸಿಗೂ ಕೇಳದವಳು ಈಗ ಅಭಿಪ್ರಾಯ ಕೇಳ್ತಿದ್ದಾಳೆ ಅಂತ ನಾನು ಉಬ್ಬಿಹೋಗಿದ್ದೆ. ಒಂದು ಮಧ್ಯಾಹ್ನ ಅಂಗಡಿವರೆಗೂ ಸುಟ್ಟ ವಾಸನೆ ಬಂತು. ಮೇಲೆ ಮನೆಗೆ ಓಡಿಹೋಗಿ ನೋಡಿದ್ರೆ ಬಾಣಲೆಯಲ್ಲಿ ಬ್ರೆಡ್ಡು ಇದ್ದಿಲಾಗಿದೆ, ಇವಳು ಒಲೆಗೆ ಬೆನ್ನು ಹಾಕಿ ಪರೀಕ್ಷೆಗೆ ಓದ್ತಾ ಕೂತಿದ್ದಾಳೆ. "ಓದೋದ್ರಲ್ಲಿ ಮುಳುಗಿಬಿಟ್ಟಿದ್ದೆ ರೀ" ಅಂದಳು. ಅವತ್ತು ಅವಳ ಮುಖದಲ್ಲಿದ್ದ ಭಯ ಬ್ರೆಡ್ಡಿನದ್ದಲ್ಲ ಅಂತ ಈಗ ಅರ್ಥ ಆಗ್ತದೆ.

ಸ್ಪರ್ಧೆಯ ಹೊತ್ತಿಗೆ ವಾಪಸ್ ಬಂದೀತು ಅಂತ ಕಾದಳು. ಬರಲಿಲ್ಲ. ಆದರೂ ಹೋದಳು. ನಾನೂ ಹೋಗಿ ಹಗ್ಗದ ಈಚೆ ಸ್ಪರ್ಧಿಗಳ ಮನೆಯವರ ಜೊತೆ ನಿಂತಿದ್ದೆ. ಗಾಜಿನ ಗೋಡೆಯ ಅಡುಗೆಮನೆಗಳು ಸಾಲಾಗಿದ್ದವು, ಇವಳು ಬಿಳೀ ಕೋಟಿನಲ್ಲಿ ಒಂದೊಂದರ ಮುಂದೆಯೂ ನಿಂತು, ಚಮಚ ಎತ್ತಿ, ಕಣ್ಣು ಮುಚ್ಚಿ... ಏನು ಗತ್ತು ಅಂತೀಯ! ಪಕ್ಕದವರಿಗೆ "ನಮ್ಮ ಮನೆಯವರು" ಅಂತ ಹೇಳಿದೆ. ಕೇಳದೇ ಇದ್ದವರಿಗೂ ಹೇಳಿದೆ.

ಆಮೇಲೆ ಒಳಗಿನ ಕೋಣೆಯಲ್ಲಿ ನಡೆದಿದ್ದನ್ನ ನನಗೆ ಹೇಳಿದ್ದು ಉಪ್ಪಣ್ಣ. ನೆನಪಿದೆಯಾ, ಅಮ್ಮನ ಹತ್ತಿರ ಕೆಲಸ ಕಲಿಯುವಾಗ ನಮ್ಮನೆಗೆ ಬಂದು ಎಲ್ಲದಕ್ಕೂ ಉಪ್ಪು ಕೇಳ್ತಿದ್ದ, ನೀನೇ ಆ ಹೆಸರಿಟ್ಟೆ. ಅವನೂ ಈಗ ತೀರ್ಪುಗಾರ, ಅವತ್ತು ಅಮ್ಮನ ಪಕ್ಕದಲ್ಲೇ ಕೂತಿದ್ದ. ಒಬ್ಬ ಅಡುಗೆಯವಳು ಮಾಡಿದ್ದ ಅಣಬೆ ಸೂಪು ತಳ ಹಿಡಿದಿತ್ತಂತೆ. ನೋಡೋಕೆ ಮಾತ್ರ ಚಿನ್ನದ ಬಣ್ಣ. ಉಪ್ಪಣ್ಣನೂ ಇನ್ನೊಬ್ಬ ತೀರ್ಪುಗಾರರೂ ತೀರಾ ಕಮ್ಮಿ ಕೊಟ್ಟಿದ್ದಾರೆ, ಅಮ್ಮ ಎಲ್ಲರಿಗಿಂತ ಜಾಸ್ತಿ ಕೊಟ್ಟಿದ್ದಾಳೆ. ಅಂಕದಲ್ಲಿ ಅಷ್ಟು ಅಂತರ ಬಂದ್ರೆ ಕಾರಣ ಹೇಳಬೇಕು ಅಂತ ನಿಯಮ. ಅಮ್ಮ ಹೇಳಿದಳಂತೆ, ಬಣ್ಣ, ಹದ, ಅಂದ ಅಂತ, ಅವಳಿಗೆ ಮಾತಿಗೇನು ಬರ. ಪರೀಕ್ಷಕರು ತಲೆದೂಗ್ತಿದ್ದರು. ಆಗ ಉಪ್ಪಣ್ಣ, "ಮೇಡಮ್ಮೇ ಹೀಗಂತಾರೆ ಅಂದ್ಮೇಲೆ ನನ್ನ ನಾಲಿಗೇನೇ ಕೆಟ್ಟಿರಬೇಕು" ಅಂತ ತನ್ನ ಅಂಕ ಹೊಡೆದುಹಾಕೋಕೆ ಪೆನ್ನು ತೆಗೆದನಂತೆ.

ಅಮ್ಮ ಅವನ ಕೈ ಹಿಡಿದಳು. "ಬೇಡ ಕಣೋ. ನಿನ್ನ ನಾಲಿಗೆ ಸರಿಯಾಗಿದೆ. ನನಗೆ ವಾಸನೆ ತಿಳಿಯಲ್ಲ. ಜ್ವರ ಬಂದಾಗಿನಿಂದ ಏನೂ ತಿಳಿಯಲ್ಲ" ಅಂದಳು. ತಾನೇ ಎದ್ದು, ಅವತ್ತು ತಾನು ಕೊಟ್ಟ ಅಂಕಗಳನ್ನೆಲ್ಲ ರದ್ದು ಮಾಡಿ, ಬೇರೆಯವರನ್ನ ಕರೆಸಿ ಮತ್ತೆ ರುಚಿ ನೋಡಿಸಿ ಅಂತ ಪರೀಕ್ಷಕರಿಗೆ ಕೇಳಿಕೊಂಡಳಂತೆ.

ನಾನು ಹೋಗೋ ಹೊತ್ತಿಗೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದಳು. ಉಪ್ಪಣ್ಣ ಅವಳ ಕೋಟು ಹಿಡ್ಕೊಂಡು ದೂರದಲ್ಲಿ ನಿಂತು ಅಳ್ತಿದ್ದ. ಅವಳು ಅಳಲಿಲ್ಲ. "ಎಲ್ಲ ಬಿಸಿನೀರಿನ ಹಾಗಿತ್ತು ರೀ. ಒಬ್ಬೊಬ್ಬರೂ ಎಷ್ಟು ಆಸೆಯಿಂದ ನನ್ನ ಮುಖ ನೋಡ್ತಿದ್ರು ಗೊತ್ತಾ" ಅಂದಳು. ಬಸ್ಸುಗಳು ಬಂದು ನಿಂತು ಹೋದವು. ಒಬ್ಬ ಡ್ರೈವರು ಬಗ್ಗಿ "ಹತ್ತುತೀರಾ ಇಲ್ವಾ" ಅಂತ ಗದರಿದ. ನಾವು ಎದ್ದಿದ್ದು ಕತ್ತಲಾದ ಮೇಲೆ. ಮನೆಗೆ ಬಂದು ಬೀಗ ತೆಗೆಯುವಾಗಲೇ ನಿನಗೆ ಹೆಣ್ಣುಮಗು ಆಯ್ತು ಅಂತ ಅಳಿಯಂದಿರ ಫೋನು ಬಂದಿದ್ದು.

ಡಾಕ್ಟರು ನರಕ್ಕೆ ಪೆಟ್ಟಾಗಿದೆ, ವಾಪಸ್ ಬಂದರೂ ಬರಬಹುದು, ಬರದೇನೂ ಇರಬಹುದು ಅಂದಿದ್ದಾರೆ. ಸಣ್ಣ ಸಣ್ಣ ಶೀಸೆ ಕೊಟ್ಟಿದ್ದಾರೆ, ಲವಂಗದ್ದು, ನಿಂಬೆಯದ್ದು. ದಿನಾ ಮೂಸಬೇಕು. ಕಣ್ಣು ಮುಚ್ಚಿ ಕೂತು ಮೂಸ್ತಾಳೆ, ಆಮೇಲೆ ನನ್ನ ಕಡೆ ತಿರುಗಿ "ಇದು ನಿಂಬೇನೇ ತಾನೆ?" ಅಂತಾಳೆ. ಆಗ ನನಗೆ ಅವಳ ಮುಖ ನೋಡೋಕಾಗಲ್ಲ. ತೀರ್ಪುಗಾರರ ಸಂಘದವರು ಒಳ್ಳೆಯವರೇ. ರುಚಿ ನೋಡೋದು ಬೇಡ, ಅಡುಗೆಮನೆಯ ಶುಚಿ ನೋಡೋ ತೀರ್ಪುಗಾರ್ತಿಯಾಗಿ ಇರಿ ಅಂತ ಹೇಳಿಕಳಿಸಿದರು. "ತೊಳೆದ ಪಾತ್ರೆಯಲ್ಲಿ ತಪ್ಪು ಹುಡುಕೋಕೆ ನಾನೇನು ಅವರ ಅತ್ತೆಯಾ" ಅಂತ ನಕ್ಕಳು. ನಕ್ಕವಳು ಹೋಗಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಮಾರನೇ ದಿನ, ಯಾರೂ ಕೇಳದೇ ಇದ್ದರೂ, ಕೋಟಿನ ಬಿಲ್ಲೆ ಬಿಚ್ಚಿ ವಾಪಸ್ ಕಳಿಸಿದಳು.

ಹಾಗಾದ್ರೆ ಈಗಲಾದ್ರೂ ಬರಬಹುದಿತ್ತಲ್ಲ ಅಂತೀಯ. ನಾನೂ ಅದೇ ಕೇಳ್ತಿದ್ದೆ, ಏನಾದ್ರೂ ನೆಪ ಹೇಳ್ತಿದ್ದಳು. ನಾನೊಬ್ಬನೇ ಬರೋಣ ಅಂದ್ರೆ, ಗ್ಯಾಸ್ ಸೋರಿದ್ರೂ ಅವಳಿಗೆ ಗೊತ್ತಾಗಲ್ಲ, ಹೇಗೆ ಬಿಟ್ಟು ಬರಲಿ? ನಿನ್ನ ಫೋನು ಬಂದ ದಿನ ಕೊನೆಗೂ ಬಾಯಿ ಬಿಟ್ಟಳು. "ಅವಳು ಹುಟ್ಟಿದಾಗ ನನಗೆ ಕಣ್ಣು ಬಿಡೋಕೂ ತ್ರಾಣ ಇರಲಿಲ್ಲ ರೀ. ನರ್ಸು ತಂದು ಎದೆ ಮೇಲೆ ಹಾಕಿದರು. ಮುಖ ನೋಡೋಕೆ ಮುಂಚೆ ನೆತ್ತಿಯ ವಾಸನೆ ಬಂತು. ನನ್ನ ಮಗು ಅಂತ ನನಗೆ ಗೊತ್ತಾಗಿದ್ದೇ ಹಾಗೆ. ಈಗ ಹೋಗಿ ಈ ಕೂಸನ್ನ ಎತ್ತಿಕೊಂಡು, ಯಾರದೋ ಮಗು ಎತ್ತಿಕೊಂಡ ಹಾಗಾದ್ರೆ? ಅದು ನನ್ನ ಮುಖದಲ್ಲಿ ಅವಳಿಗೆ ಕಂಡುಬಿಟ್ರೆ?" ಕಣ್ಣು ಮಂಜಾದವರಿಗೆ ಗಾಜು ತಿಕ್ಕಿ ಕೊಡೋದು ಬಿಟ್ಟರೆ ನನಗೆ ಬೇರೇನು ಬರ್ತದೆ? ನಲ್ಲಿ ನಿಲ್ಲಿಸಿ, ಅವಳ ಒದ್ದೆ ಕೈ ಹಿಡ್ಕೊಂಡು ನಿಂತಿದ್ದೆ.

ನೀನು ಅಂದಿದ್ದಕ್ಕೆ ನೊಂದುಕೊಳ್ಳಬೇಡ. ನಿನಗೆ ಗೊತ್ತಿರಲಿಲ್ಲ, ಅಷ್ಟೆ. ಹಸೀ ಮೈ, ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ಸಿಕ್ಕಷ್ಟು ನಿದ್ದೆ ಮಾಡಿಕೊಳ್ಳೋಕೆ ಹೇಳು, ಅನುಭವಸ್ಥ ಹೇಳ್ತಿದ್ದೀನಿ ಅನ್ನು. ಕೂಸಿನ ಎರಡೂ ಪಾದಕ್ಕೆ ಈ ಅಜ್ಜನ ಮುತ್ತು. ನೀವು ಮೂವರೂ ತಣ್ಣಗಿರಿ.

ನಿನ್ನ
ಅಪ್ಪ

ಕೊನೆಗೆ ಸೇರಿಸಿದ ಮಾತು: ಲಕೋಟೆ ಅಂಟಿಸೋಷ್ಟರಲ್ಲಿ ಅಮ್ಮ ಕೆಳಗಿಳಿದು ಬಂದಳು. "ಅವಳಿಗೇನಾ? ಎಲ್ಲ ಬರೆದ್ರಾ?" ಅಂದಳು. ಹೂಂ ಅಂದೆ. ಲಕೋಟೆ ಎತ್ತಿ ನಿನ್ನ ವಿಳಾಸ ಓದಿ, "ಹಾಗಾದ್ರೆ ಇನ್ನು ಮುಚ್ಚಿಡೋದೇನೂ ಇಲ್ಲ, ಟಿಕೆಟ್ ತೆಗೆಸಿ" ಅಂದಳು. ಈಗಷ್ಟೇ ತೆಗೆಸಿ ಬಂದೆ. ಭಾನುವಾರ ಬೆಳಿಗ್ಗೆ ಅಲ್ಲಿರ್ತಾಳೆ, ಅಂಗಡಿ ನೋಡ್ಕೊಳ್ಳೋಕೆ ಯಾರಾದ್ರೂ ಸಿಕ್ಕ ಮೇಲೆ ನಾನೂ ಬರ್ತೀನಿ, ಕಾಗದ ಅದಕ್ಕೆ ಮುಂಚೆ ಸಿಗಲಿ ಅಂತ ಕೊರಿಯರ್ ಮಾಡ್ತಿದ್ದೀನಿ. ನೋಡು ಮಗಳೇ, ಅವಳು ಕೂಸಿನ ನೆತ್ತಿಗೆ ಮುಖ ಇಟ್ಟೇ ಇಡ್ತಾಳೆ, ತಡ್ಕೊಳ್ಳೋಕೆ ಅವಳಿಂದ ಆಗಲ್ಲ. ಆಗ ಅವಳ ಮುಖ ನೋಡಬೇಡ, ಏನೂ ಕೇಳಬೇಡ. ಪಕ್ಕದಲ್ಲಿ ಕೂತು ನೀನೂ ಮೂಸು. ವಾಸನೆ ಹೇಗಿದೆ ಅಂತ ಅವಳಿಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳು.