ಎರಡನೆಯ ಬ್ರೇಕು

ಮನೆಯಿಂದ,
ಭಾನುವಾರ, ಮಾರ್ಚ್ ೯

ಅಮ್ಮಾ,

ನಿನ್ನ ಮಗ ಮಾಡುವ ನಮಸ್ಕಾರಗಳು. ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿಯಬೇಡ ಎಂದಿದ್ದನ್ನು ನೀನು ಕೇಳಿರುವುದಿಲ್ಲ, ಗೊತ್ತು. ಕಣ್ಣಿಗೆ ಔಷಧಿ ಹಾಕಿಕೊಳ್ಳುವುದನ್ನಾದರೂ ತಪ್ಪಿಸಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮೊಮ್ಮಗನ ಸುದ್ದಿ ಎತ್ತಿದ ಕೂಡಲೇ ನೀನು ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ನಿನ್ನ ಮೊಮ್ಮಗ ಸಾಹೇಬರು ಚೆನ್ನಾಗಿದ್ದಾರೆ. ಮೊದಲ ಆಪರೇಷನ್ನಿನ ಗಾಯದ ಗುರುತು ತೆಳ್ಳಗಾಗಿದೆ. ಹಾಲು ಕುಡಿಯುವಾಗ ಹಣೆಯ ಮೇಲೆ ಬೆವರು ಮೂಡುತ್ತಿತ್ತಲ್ಲ, ಅದು ನಿಂತಿದೆ. ಹೃದಯದ ತೂತು ಮುಚ್ಚುವ ದೊಡ್ಡ ಆಪರೇಷನ್ ಒಂದು ಬಾಕಿ, ಅಷ್ಟೇ. ಅದಕ್ಕೆ ಮೊದಲು ಇನ್ನಷ್ಟು ಮೈಕೈ ತುಂಬಿಕೊಳ್ಳಬೇಕಂತೆ. ನಿನ್ನ ಸೊಸೆ ಒಂದೊಂದು ಚಮಚ ತಿನ್ನಿಸಲೂ ಹರಸಾಹಸ ಮಾಡುತ್ತಾಳೆ. ಅವನು ಅರ್ಧ ನುಂಗಿ ಉಳಿದರ್ಧವನ್ನು ಅವಳ ಮುಖಕ್ಕೇ ವಾಪಸು ಕೊಡುತ್ತಾನೆ.

ಈಗ ಹೇಳುವುದಕ್ಕೆ ನಗಬೇಡ. ಅತ್ತರೆ ತುಟಿ ನೀಲಿಯಾಗುತ್ತದೆ, ಅಳಲು ಬಿಡಬೇಡಿ ಎಂದು ಅವನು ಹುಟ್ಟಿದಾಗ ಆಸ್ಪತ್ರೆಯಲ್ಲಿ ಹೇಳಿದ್ದರಲ್ಲ, ಆಗ ನಾವು ಮನೆಯನ್ನು ಏನು ಮಾಡಿಟ್ಟಿದ್ದೆವು ನೆನಪಿದೆಯಾ? ನೀನು ಬಾಗಿಲುಗಳ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟೆ, ನಾನು ಕರೆಗಂಟೆಯ ತಂತಿ ಕಿತ್ತೆ, ಇವಳು ಕುಕ್ಕರ್ ಕೂಗುತ್ತದೆಂದು ಅದನ್ನು ಅಟ್ಟಕ್ಕೇರಿಸಿದಳು. ಅವನು ಕೈಚಾಚಿದ್ದೆಲ್ಲ ಅವನಿಗೇ: ನನ್ನ ಕನ್ನಡಕ, ನಿನ್ನ ಹಲ್ಲಿನ ಸೆಟ್ಟು ಕೂಡ. ಮೊದಲ ಆಪರೇಷನ್ ಆದ ಮೇಲೂ ನಮಗೆ ಆ ಅಭ್ಯಾಸ ಹೋಗಲಿಲ್ಲ. ಸಾಹೇಬರು ಬಾಯಿ ಸೊಟ್ಟ ಮಾಡಿದರೆ ಸಾಕು, ಮನೆಯೇ ಎದ್ದು ನಿಲ್ಲುತ್ತಿತ್ತು. ಕಳೆದ ವಾರ ಡಾಕ್ಟರಮ್ಮನ ಎದುರೇ ಹಾಗೆ ಮಾಡಿದ. ನಾನು ಅಲ್ಲೇ ಬಾಯಿಂದ ಲಾರಿ ಹಾರ್ನಿನ ಸದ್ದು ಶುರು ಮಾಡಿದೆ, ಇವಳು ಬೀಗದ ಕೈ ಗೊಂಚಲು ಆಡಿಸತೊಡಗಿದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, "ಸ್ವಲ್ಪ ಅಳ್ಲಿ ಬಿಡಿ. ಈಗ ಏನೂ ಆಗಲ್ಲ, ತುಟಿ ಬಣ್ಣ ನೋಡ್ತಾ ಇದ್ರೆ ಸಾಕು. ಭಯ ಇರೋದು ಅವನಿಗಲ್ಲ, ನಿಮಗೆ" ಎಂದರು.

ಹೇಳುವುದು ಸುಲಭ. ಡ್ರೈವಿಂಗ್ ಕಲಿಸುವವನ ಕಾಲು ಎಲ್ಲಿರುತ್ತದೆಂದು ನಿನಗೆ ಗೊತ್ತೇ ಇದೆ. ಸ್ಟಿಯರಿಂಗು ಕಲಿಯುವವರ ಕೈಯಲ್ಲಿ, ನನ್ನ ಕಾಲು ನನ್ನ ಕಡೆಯ ಎರಡನೆಯ ಬ್ರೇಕಿನ ಮೇಲೆ. ಕೆಟ್ಟ ಮೇಷ್ಟ್ರು ಅದನ್ನು ಮಾತುಮಾತಿಗೂ ಒತ್ತುತ್ತಾನೆ. ಅವನ ಹತ್ತಿರ ಯಾರೂ ಗಾಡಿ ಕಲಿಯುವುದಿಲ್ಲ. ಊರಿಗೆಲ್ಲ ಇದನ್ನು ಹೇಳುವ ನಾನು ಮನೆಯಲ್ಲಿ ಬ್ರೇಕಿನಿಂದ ಕಾಲೇ ತೆಗೆದಿರಲಿಲ್ಲ.

ನಿನ್ನೆ ಬೆಳಿಗ್ಗೆ ಅವನಿಗೆ ಕತ್ತರಿ ಬೇಕಾಯಿತು. ಕೊಡಲಿಲ್ಲ. ಬಾಯಿ ಸೊಟ್ಟವಾಯಿತು, ಯಾರೂ ಏಳಲಿಲ್ಲ. ನಮ್ಮಿಬ್ಬರ ಮುಖವನ್ನೂ ನೋಡಿದ, ನಂಬಲಾಗಲಿಲ್ಲ ಪಾಪ, ಆಮೇಲೆ ಶುರು ಮಾಡಿದ. ಅಮ್ಮಾ, ಏನು ದನಿ ಅಂತೀಯ. ಇವಳು ನನ್ನ ತೋಳು ಹಿಡಿದುಕೊಂಡಳು, ಉಗುರಿನ ಗುರುತು ಇನ್ನೂ ಇದೆ. ನನ್ನ ಬಲಗಾಲು ಬರಿಯ ನೆಲವನ್ನು ಒತ್ತುತ್ತಲೇ ಇತ್ತು. ಇಬ್ಬರೂ ಅವನ ತುಟಿಯನ್ನೇ ನೋಡುತ್ತ ಕುಳಿತೆವು. ತುಟಿಯ ಬಣ್ಣ ಬದಲಾಗಲಿಲ್ಲ. ಅತ್ತು ಅತ್ತು ಬೇಜಾರಾಗಿ ತಾನೇ ಸುಮ್ಮನಾದ, ಕತ್ತರಿ ಮರೆತು ನನ್ನ ಚಪ್ಪಲಿ ಕಚ್ಚಲು ಹೋದ. ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು, "ಇವನಿಗೆ ಇಷ್ಟು ದೊಡ್ಡ ಗಂಟಲಿತ್ತಾ?" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವರನ್ನು ಒಳಗೆ ಕರೆದು ಕೂರಿಸಿ ಎಲ್ಲವನ್ನೂ ಮೊದಲಿನಿಂದ ಹೇಳಿದೆ.

ಅಕ್ಕನಿಗೂ ಭಾವನಿಗೂ ನಮ್ಮ ನೆನಪು ತಿಳಿಸು. ನಮ್ಮ ಮೂವರ ತಲೆಯ ಮೇಲೂ ನಿನ್ನ ಕೈ ಇರಲಿ.

ಇಂತಿ ನಿನ್ನ ಮಗ,
ಡ್ರೈವಿಂಗ್ ಮೇಷ್ಟ್ರು

ತಾ.ಕ.: ದೊಡ್ಡ ಆಪರೇಷನ್ ಈ ತಿಂಗಳ ಕೊನೆಯ ಗುರುವಾರವೆಂದು ನಿಗದಿಯಾಗಿದೆ. ಹಿಂದಿನ ದಿನವೇ ಬಂದುಬಿಡು. ಹೋದ ಸಲ ಆಪರೇಷನ್ ಕೋಣೆಯ ಬಾಗಿಲ ಬಳಿ ನನ್ನ ಕೈ ಸಡಿಲವಾಗದೆ, ನೀನೇ ಅವನನ್ನು ನನ್ನಿಂದ ಬಿಡಿಸಿ ನರ್ಸಮ್ಮನ ಕೈಗೆ ಕೊಟ್ಟೆ. ಈ ಸಲ ನಾನೇ ಕೊಡುತ್ತೇನೆ. ಅವನು ಅತ್ತರೂ ಕೊಡುತ್ತೇನೆ. ನೀನು ಏನೂ ಮಾಡಬೇಕಾಗಿಲ್ಲ, ಎರಡನೆಯ ಬ್ರೇಕು ನಿನ್ನ ಕಾಲ ಕೆಳಗಿದೆ ಎಂದುಕೊಂಡು ನನ್ನ ಪಕ್ಕದಲ್ಲಿ ನಿಂತಿರು. ಒತ್ತಬೇಡ.