ಹುಣ್ಣಿಮೆಗೆ ಮಡಿಸಬೇಕಾದ ಕಂಬಳಿ

ಜಮಖಂಡಿ
11 ಫೆಬ್ರವರಿ 2003, ಮಂಗಳವಾರ

ತಮ್ಮಾ ಸಂಜು,

ಅಕ್ಕನ ಆಶೀರ್ವಾದ. ಹೇಗಿದ್ದೀ? ಹೊಳೆ ದಂಡೆಯ ಗಾಳಿ ಈ ಸಲ ಬಲು ಕೆಟ್ಟದ್ದಂತೆ. ತಲೆಗೆ ಏನಾದರೂ ಸುತ್ತಿಕೊಳ್ಳುತ್ತೀಯೋ, ಇಲ್ಲಾ ಮೊದಲಿನ ಹಾಗೆ ಬರಿದಲೆಯಲ್ಲೇ ತಿರುಗುತ್ತೀಯೋ? ಮುಳ್ಳು ಮುರಿದು ಕೀವಾಗಿದ್ದ ಕಾಲು ಮಾಯಿತೇ? ಅನಗವಾಡಿಯ ಚಹಾದಂಗಡಿ ಯಮನಪ್ಪ ಮೊನ್ನೆ ಇಲ್ಲಿ ಸಿಕ್ಕಿದ್ದ. ನೀನು ವಾರಕ್ಕೊಮ್ಮೆ ಬಂದು ಎರಡೆರಡು ಚಹಾ ಕುಡಿಯುತ್ತೀ, ಮಾತು ಮಾತ್ರ ಒಂದೂ ಆಡುವುದಿಲ್ಲ ಎಂದ. ನಮ್ಮ ಮನೆತನದ ಗಂಡಸರೇ ಹಾಗಪ್ಪಾ, ಬಾಯಿಗೆ ಬೀಗ ಹಾಕಿ ಕೀಲಿ ಹೊಳೆಗೆ ಎಸೆದವರು ಎಂದೆ. ಈ ಪತ್ರವನ್ನು ಬೀಳಗಿ ಬಸ್ಸಿನ ಕಂಡಕ್ಟರ್ ಬಾಳೂನ ಕೈಯಲ್ಲಿ ಕೊಡುತ್ತಿದ್ದೇನೆ, ಅವನು ಯಮನಪ್ಪನಿಗೆ ಮುಟ್ಟಿಸುತ್ತಾನೆ. ಅಂಚೆಗೆ ಹಾಕಿದರೆ ಹುಣ್ಣಿಮೆ ದಾಟಿದ ಮೇಲೆ ಸಿಕ್ಕೀತು. ಜೊತೆಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದೇನೆ. ಮೊದಲು ಉಣ್ಣು, ಆಮೇಲೆ ಓದು. ಹಸಿದಿದ್ದರೆ ನಿನಗೆ ಸಿಟ್ಟು ಬೇಗ ಏರುತ್ತದೆ.

ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಬೇಕಿತ್ತು. ಆರಾಮ ಇಲ್ಲ. ನೀನು ಹೋದ ಮೇಲೆ ನಾನು ಕೆಲಸಕ್ಕೆ ಸೇರಿದ ಜಾಗ ನಿನಗೆ ಗೊತ್ತಿಲ್ಲ, ಅಲ್ಲಿಂದಲೇ ಹೇಳುತ್ತೇನೆ. ಹಳೆಯ ಹತ್ತಿ ಗೋದಾಮಿಗೆ ಊರವರೆಲ್ಲ ಕೂಡಿ ಸುಣ್ಣ ಬಳಿದು ಕಲಾ ಕೇಂದ್ರ ಮಾಡಿದ್ದಾರೆ. ಅದರ ಕೀಲಿ ನನ್ನ ಸೊಂಟದಲ್ಲಿ. ಹುಣ್ಣಿಮೆಗೊಂದು ಪ್ರದರ್ಶನ, ಅದು ಅಲ್ಲಿನ ಕಾನೂನು. ಒಂದು ಹುಣ್ಣಿಮೆಗೆ ಬನಹಟ್ಟಿಯ ಸೀರೆಗಳು, ಇನ್ನೊಂದಕ್ಕೆ ಮುಧೋಳ ನಾಯಿಯ ಚಿತ್ರಗಳು, ಎಲ್ಲ ಸಾಲಿ ಮಕ್ಕಳು ಬರೆದದ್ದು. ಒಂದು ಹುಡುಗಿ ನಾಯಿಗೆ ಆರು ಕಾಲು ಬರೆದು, ಓಡುವಾಗ ಹಾಗೇ ಕಾಣುತ್ತದೆ ಎಂದು ನನ್ನ ಜೊತೆ ವಾದಕ್ಕೆ ಬಿದ್ದಳು. ಮುಗಿದದ್ದನ್ನು ಇಳಿಸಿ ಮಡಿಸುವುದು, ಮುಂದಿನವರದನ್ನು ತೂಗುಹಾಕುವುದು ನನ್ನ ಕೆಲಸ. ಯಾರ ಪಾಳಿಯೂ ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಇಲ್ಲಿಯವರೆಗೆ ಎಷ್ಟೋ ಮಡಿಸಿದ್ದೇನೆ, ಯಾವುದಕ್ಕೂ ಎರಡು ಸಲ ಯೋಚಿಸಿರಲಿಲ್ಲ.

ಹೋದ ತಿಂಗಳ ಬನದ ಹುಣ್ಣಿಮೆಯಿಂದ ನಮ್ಮ ಕುರುಬ ಮಂದಿಯ ಕಂಬಳಿ ಪ್ರದರ್ಶನ ನಡೆದಿದೆ. ಕೇಂದ್ರ ನಡೆಸುವ ಪ್ರತಿಮಾ ಮೇಡಂ ನಿವೃತ್ತ ಟೀಚರು, ಒಳ್ಳೆಯ ಹೆಣ್ಣುಮಗಳು. ನಮ್ಮ ಮಂದಿಯ ಕಂಬಳಿ ತರಿಸು ಎಂದು ನನಗೇ ಹೇಳಿದರು. ನಮ್ಮೂರು ಹುನ್ನೂರಿಗೆ ಹೋಗಿ ಮನೆ ಮನೆ ಕೇಳಿ ತಂದೆ. ಎಲ್ಲ ಗೋಡೆಗೆ ಏರಿದವು. ಅಪ್ಪನ ಕರಿ ಕಂಬಳಿಯನ್ನು ಮಾತ್ರ ನಡುವಿನ ಕಟ್ಟೆಯ ಮೇಲೆ ಹಾಸಬೇಕೆಂದು ಮೇಡಂಗೆ ಆಸೆ. ಅವ್ವನ ಕೈ ಹಿಡಿದು ಕರೆತಂದು, “ತಂಗೆವ್ವಾ, ನಿಮ್ಮ ಮನ್ಯಾಗ ಹೆಂಗ ಹಾಸ್ತೀರಿ ಹಂಗ ಹಾಸ್ರಿ, ಮಂದಿ ನೋಡ್ಲಿ” ಎಂದರು. ಅವ್ವ ಹಾಗೇ ಹಾಸಿದಳು. ಮನೆಯಲ್ಲಿ ಹೇಗೆ ಹಾಸುತ್ತಾಳೆ ನಿನಗೆ ಗೊತ್ತಲ್ಲ: ನಾಲ್ಕು ಮಡಿಕೆ, ಮೇಲೆ ಎಲೆ ಅಡಿಕೆ, ನಡುವೆ ಬೊಗಸೆ ಭಂಡಾರದ ಅರಿಶಿನ, “ಬೀರಪ್ಪಾ, ಬಾರಪ್ಪಾ, ಕುಂಡ್ರು” ಎಂಬ ಮಾತು. ಮೇಡಂ ಚಪ್ಪಾಳೆ ತಟ್ಟಿ ಫೋಟೋ ತೆಗೆಸಿದರು. ನಾನೂ ಪಕ್ಕದಲ್ಲಿ ಪೆದ್ದಿಯ ಹಾಗೆ ಹಲ್ಲು ಕಿರಿದು ನಿಂತಿದ್ದೆ. ಅದು ಇನ್ನು ಕಂಬಳಿಯಲ್ಲ, ದೇವರ ಗದ್ದುಗೆ ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ. ಮುಟ್ಟಬೇಡಿ ಎಂದು ಬೋರ್ಡು ಬೇರೆ ಇಟ್ಟೆ. ನಮ್ಮ ಮಂದಿ ಬೋರ್ಡಿನ ಪಕ್ಕ ಚಪ್ಪಲಿ ಬಿಟ್ಟು, ಭಂಡಾರ ಹಣೆಗೆ ಹಚ್ಚಿಕೊಂಡೇ ಹೋಗುತ್ತಿದ್ದರು.

ಹೋದ ಸಂತೆಯ ದಿನ ಅಪ್ಪ ಬಂದ. ಬರುವುದಿಲ್ಲ ಎಂದವನು ಬಂದ. ಚಳಿಗೆ ತನ್ನ ಕಂಬಳಿ ನೆನಪಾಗಿರಬೇಕು. ಆ ಹೊತ್ತಿಗೆ ಹುನ್ನೂರಿನ ಹಿರಿಯರೆಲ್ಲ ಗದ್ದುಗೆಯ ಸುತ್ತ ಕೂತಿದ್ದರು. ಹೊಳಬಸಪ್ಪಜ್ಜ ಅಪ್ಪನನ್ನು ನೋಡಿದವನೇ ಅಂದ: “ಗದ್ದಗಿ ಹಾಸೇತಿ, ಭಂಡಾರ ಐತಿ, ಮಂದೀನೂ ಕುಂತೇತಿ. ಜಕ್ಕಪ್ಪಾ, ಎರಡ ವರ್ಷ ಆತು. ಮಗನ ಮಾತ ತಗೀ ಇವತ್ತ.” ಸಂಜು, ಆ ಮಳೆಗಾಲದ ಹಿನ್ನೀರು, ಕೊಚ್ಚಿಹೋದ ಅರ್ಧ ಹಿಂಡು, ಅದನ್ನೆಲ್ಲ ನಾನು ಮತ್ತೆ ಕೆದಕುವುದಿಲ್ಲ. “ಕುರಿ ಕೂಡಿಹಾಕಿದ ದಡ್ಡಿ ಮೇಲಕ್ಕೆ ಒಯ್ಯೋಣ ಎಂದು ನಾನಂದೆ, ಅಪ್ಪನೇ ಬೇಡ ಅಂದ” ಎಂದು ನೀನು. “ನಾನು ಹಾಗೆ ಅಂದೇ ಇಲ್ಲ” ಎಂದು ಅಪ್ಪ. ದಂಡೆಯಲ್ಲಿ ಇದ್ದವರು ನೀವಿಬ್ಬರೇ, ಕುರಿಗಳು ಸಾಕ್ಷಿ ಹೇಳಲಾರವು. “ದಡ್ಡಿ ಕಾಯಾಕ ಬರದಾಂವ ನನ್ನ ಮಗ ಹೆಂಗ ಆದಾನು?” ಎಂದು ಅಪ್ಪ ಹತ್ತು ಮಂದಿಯ ಮುಂದೆ ಅಂದದ್ದು, ಆ ಮಾತು ಹಿಂದಕ್ಕೆ ತಗೊಳ್ಳುವ ತನಕ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ನೀನು ಆಣೆ ಇಟ್ಟು ಹೋದದ್ದು, ಈಗ ಪರರ ಕುರಿ ಕಾಯುತ್ತಿರುವುದು, ಎಲ್ಲವೂ ಆ ಒಂದು ರಾತ್ರಿಯಿಂದಲೇ. ಅದನ್ನು ನೆನೆದರೆ ಇಬ್ಬರ ಕಿವಿಯನ್ನೂ ಹಿಂಡಬೇಕು ಎನ್ನಿಸುತ್ತದೆ ನನಗೆ.

ಅಪ್ಪ ಬೋರ್ಡಿನ ಪಕ್ಕ ಚಪ್ಪಲಿ ಬಿಟ್ಟ. ಆಮೇಲೆ ಕೂತ. ಭಂಡಾರಕ್ಕೆ ಬೆರಳು ಹಚ್ಚಿ ತನ್ನ ಮಾತು ಆಡಿದ. ನಾನು ಬಾಗಿಲಲ್ಲಿ ಕೀಲಿ ಹಿಡಿದು ನಿಂತವಳು ಪ್ರತಿ ಅಕ್ಷರ ಕೇಳಿದೆ. ಆದರೆ ಇನ್ನೊಂದು ಕಡೆಯವನು ಬಂದು ತನ್ನ ಮಾತು ಆಡುವವರೆಗೆ ಗದ್ದುಗೆಯ ಮಾತು ಹೊರಗೆ ಹೋಗಬಾರದು ಎಂದು ಹೊಳಬಸಪ್ಪಜ್ಜ ಕಟ್ಟುಮಾಡಿದ್ದಾನೆ. ಹಾಗಾಗಿ ಏನಂದ ಎಂದು ಬರೆಯಲಾರೆ. ಆ ಹೊತ್ತಿನಿಂದ ಕಂಬಳಿ ಅಲ್ಲೇ ಇದೆ. ನಮ್ಮಲ್ಲಿಯ ನಡಾವಳಿ ನಿನಗೆ ಹೇಳಿಕೊಡಬೇಕೇ? ತೆಗೆದ ಮಾತು ಮುಗಿಯದೆ ಗದ್ದುಗೆ ಎತ್ತುವಂತಿಲ್ಲ, ಎತ್ತುವಾಗ ಇಬ್ಬರೂ ಎರಡು ತುದಿ ಹಿಡಿದೇ ಎತ್ತಬೇಕು. ಒಂದು ತುದಿಗೆ ಅಪ್ಪ ಇದ್ದಾನೆ.

ಇಲ್ಲೀಗ ಕುತ್ತಿಗೆಗೆ ಬಂದಿದೆ. ಬರುವ ಭಾನುವಾರ ಭಾರತ ಹುಣ್ಣಿಮೆ. ಮುಂದಿನ ಪಾಳಿ ಬೀಳಗಿ ಕಡೆಯ ಹೆಣ್ಣುಮಕ್ಕಳ ಕೌದಿಗಳದ್ದು. ಊರು ಮುಳುಗಿ ಹೊಸ ಜಾಗಕ್ಕೆ ಬಂದವರು, ಹಳೆಯ ಸೀರೆ ಧೋತರಗಳ ತುಂಡು ಕೂಡಿಸಿ ಹೊಲಿದಿದ್ದಾರೆ. ಅವರ ಮುಂದಾಳು ಹಾಲವ್ವ ಎರಡು ಸಲ ಬಂದು ಕಟ್ಟೆಯ ಅಳತೆ ತಗೊಂಡು ಹೋಗಿದ್ದಾಳೆ. ನಿನ್ನೆಯೂ ಬಂದು, “ನಮ್ಮ ಊರಂತೂ ಹೋತು, ಪಾಳಿನೂ ಹೋಗ್ತೈತೇನವಾ?” ಎಂದಳು. ಅವಳ ಮಾತೂ ಖರೆಯೇ. ಕರೆಯೋಲೆ ಅಚ್ಚಾಗಿವೆ. ಮೇಡಂ ಮೊದಲು ಮೆತ್ತಗೆ ಹೇಳಿದರು, ಆಮೇಲೆ ಗಟ್ಟಿಯಾಗಿ, “ರಂಜನಾ, ಇದು ಪ್ರದರ್ಶನ, ಗುಡಿ ಅಲ್ಲ.” ಅವ್ವ ದಿನಾ ಮೊದಲ ಬಸ್ಸಿಗೆ ಹುನ್ನೂರಿನಿಂದ ಬಂದು ಬೀಗ ಹಾಕುವವರೆಗೆ ಕಟ್ಟೆಯ ಪಕ್ಕ ಕೂತಿರುತ್ತಾಳೆ. ಅವಳು ಬಿಡುತ್ತಾಳೆಯೇ? “ನೀವ ಅಂದ್ರೆಲ್ರಿ, ಮನ್ಯಾಗ ಹಾಸಿದಂಗ ಹಾಸ್ರಿ ಅಂತ. ಹಾಸೇನಿ. ಎತ್ತೂದು ನಂದೂ ಅಲ್ಲ, ನಿಮ್ದೂ ಅಲ್ರಿ” ಎಂದಳು. ಮೇಡಂ ಹೋಗಿ ಕೇಂದ್ರದ ಕಮಿಟಿಗೆ ತಿಳಿಸಿದರು. ಕಮಿಟಿಯವರು ಗಡುವು ಹಾಕಿದರು. ಶನಿವಾರ ಸಂಜೆಯೊಳಗೆ ನಾನು ಕಂಬಳಿ ಮಡಿಸಬೇಕು, ಇಲ್ಲವೇ ಕೀಲಿ ಕೊಟ್ಟು ಮನೆಗೆ ಹೋಗಬೇಕು, ಬೇರೆಯವರು ಮಡಿಸುತ್ತಾರೆ. ಅದನ್ನು ಕೇಳಿ ಅವ್ವ ನನಗೆ ಹೇಳಿದ್ದೇನು ಗೊತ್ತೇ? “ನೀ ಮುಟ್ಟಿದ್ರ, ನಿನ್ನ ಮನಿ ನೀರ ನಾ ಮುಟ್ಟೂದಿಲ್ಲ ನೋಡ.” ಹಡೆದವಳು ಹೀಗೆ ಹೇಳಿದರೆ ನಾನು ಎಲ್ಲಿ ಹೋಗಲಿ? ನಮ್ಮ ಮನೆಯವರು, ನಿನ್ನ ಮಾಮಾ, ಕೆಲಸ ಬಿಡು ಎನ್ನುತ್ತಾರೆ. ಬಿಡುವುದಿಲ್ಲ. ಎರಡು ವರ್ಷದಲ್ಲಿ ನನಗೆ ನನ್ನದು ಎಂದು ಸಿಕ್ಕ ಒಂದೇ ಜಾಗ ಅದು. ನನಗೆ ಹೆದರಿಕೆಯಾಗಿದೆ ಸಂಜು, ಸುಳ್ಳೇಕೆ ಹೇಳಲಿ? ರಾತ್ರಿ ನಿದ್ದೆ ಹತ್ತುವುದಿಲ್ಲ.

ಅಪ್ಪನ ಕೆಮ್ಮು ಜಾಸ್ತಿಯಾಗಿದೆ. ಬೇರೆ ಕಂಬಳಿ ಕೊಟ್ಟರೆ ಒಲ್ಲೆ ಎನ್ನುತ್ತಾನೆ, ತೆಳ್ಳನೆಯ ಹಚ್ಚಡ ಹೊದ್ದು ಮಲಗುತ್ತಾನೆ. ಸಂಜೆ ಅವ್ವ ಬಸ್ಸಿನಿಂದ ಇಳಿದ ಕೂಡಲೇ “ಬಂದ್ನ?” ಎಂದು ಒಂದೇ ಮಾತು ಕೇಳುತ್ತಾನಂತೆ. ಯಾರು ಎಂದು ಹೆಸರು ಹೇಳುವುದಿಲ್ಲ ಪುಣ್ಯಾತ್ಮ. ಅವ್ವ ಇಲ್ಲ ಎಂದರೆ ಎದ್ದು ಹಿತ್ತಲಿಗೆ ಹೋಗುತ್ತಾನಂತೆ.

ನಿನ್ನ ಆಣೆ ನನಗೆ ನೆನಪಿದೆ. ಮುರಿ ಎಂದು ನಾನು ಕೇಳುವುದಿಲ್ಲ. ನೀನು ತುಳಿಯುವುದಿಲ್ಲ ಎಂದದ್ದು ನಮ್ಮ ಮನೆಯ ಹೊಸ್ತಿಲು. ಈ ಗೋದಾಮಿಗೆ ಹೊಸ್ತಿಲೇ ಇಲ್ಲ, ಹತ್ತಿ ಬಂಡಿ ನೇರ ಒಳಗೆ ಬರಲೆಂದು ಕಟ್ಟಿದ್ದು. ನಾನು ಬಾಗಿಲಿಗೆ ಕೂತು ಕೈಯಾಡಿಸಿ ನೋಡಿದ್ದೇನೆ, ನೆಲ ಸಪಾಟಾಗಿದೆ. ಅಪ್ಪನ ಮನೆಯೂ ಅಲ್ಲ, ನನ್ನ ಮನೆಯೂ ಅಲ್ಲ. ಬಾ, ಎದುರಿಗೆ ಕೂಡು, ನಿನ್ನ ಮಾತು ಆಡು, ಇನ್ನೊಂದು ತುದಿ ಹಿಡಿ. ಆಮೇಲೆ ಬೇಕಾದರೆ ತಿರುಗಿಯೂ ನೋಡದೆ ಹೋಗು, ನಾನು ಒಂದು ಮಾತೂ ಅನ್ನುವುದಿಲ್ಲ. ಅಂದೇನು ಬಿಡು, ಆದರೆ ಬೈಯುವುದಿಲ್ಲ. ಶನಿವಾರ ಕತ್ತಲಾಗುವವರೆಗೆ ನಾನು ಬಾಗಿಲು ತೆರೆದೇ ಇಟ್ಟಿರುತ್ತೇನೆ. ಕುರಿಗಳನ್ನು ಎರಡು ದಿನ ಯಾರಾದರೂ ನೋಡಿಕೊಳ್ಳುತ್ತಾರೆ, ಯಮನಪ್ಪನಿಗೆ ಹೇಳಿದ್ದೇನೆ.

ಬೀರಪ್ಪ ನಿನ್ನ ಕಾಲನ್ನು ಈ ಕಡೆಗೆ ತಿರುಗಿಸಲಿ. ಅವ್ವ ನಿನ್ನ ತಲೆ ನೇವರಿಸಿದ್ದಾಳೆ ಎಂದು ತಿಳಿ.

ನಿನ್ನ ಅಕ್ಕ,
ರಂಜನಾ

ತಾ.ಕ.: ಬಾಳು ಹಾರ್ನು ಹೊಡೆಯುತ್ತಿದ್ದಾನೆ. ಬರೆಯಬಾರದು ಎಂದು ಇಷ್ಟು ಹೊತ್ತು ಕೈ ಬಿಗಿಹಿಡಿದೆ, ಆಗುವುದಿಲ್ಲ. ಅಪ್ಪ ಭಂಡಾರ ಮುಟ್ಟಿ ಆಡಿದ್ದು ಇದು: “ನೀರ ಏರಾಕತ್ತೇತಿ, ದಡ್ಡಿ ಮ್ಯಾಲ ಒಯ್ಯೂನು ಅಂತ ಹುಡುಗ ಅಂದಿದ್ದ. ಬ್ಯಾಡ, ಇಲ್ಲೇ ಇರ್ಲಿ ಅಂದಾಂವ ನಾನ. ತಪ್ಪ ನಂದು.” ಕಟ್ಟು ಮುರಿದೆ, ಬೀರಪ್ಪ ನನ್ನನ್ನು ನೋಡಿಕೊಳ್ಳಲಿ. ಈ ಹಾಳೆಯನ್ನು ಯಮನಪ್ಪನ ಒಲೆಗೆ ಹಾಕು. ಬಂದು ಕೂತಾಗ ಏನೂ ಗೊತ್ತಿಲ್ಲದವನ ಹಾಗೆ ಇರು, ಹೊಳಬಸಪ್ಪಜ್ಜ ಅಪ್ಪನಿಂದ ಅದೇ ಮಾತನ್ನು ನಿನ್ನ ಎದುರಿಗೆ ಇನ್ನೊಮ್ಮೆ ಆಡಿಸುತ್ತಾನೆ. ಕರುಳು ಚುರ್ ಎಂದು ನಡುವೆ ತಡೆಯಬೇಡ. ಪೂರ್ತಿ ಆಡಲಿ ಬಿಡು.